ಮುಸುವ ಹಗೇವಿಗೆ ಹಾರಿದ್ದು

“ಅಜ್ಜೀ, ಜೋಳದ ಹೊಲಕ್ಕೆ ಹೋಗೋ ದಾರಿ ಯಾವುದು?”

ಒಂದು ಕಾಡಿನಲ್ಲಿ, ಮುತ್ತುಗದ ಮರದ ಕೆಳಗೆ ಕೂತಿದ್ದ ಮುದಿ ಮುಳ್ಳುಹಂದಿಯನ್ನು ಹೀಗೆ ಕೇಳಿದವಳು ಒಬ್ಬ ಕಬ್ಬಕ್ಕಿ. ಏಳು ಕಾಡು, ಮೂರು ನದಿ ದಾಟಿ ಬಂದವಳು. ನನಗೆ ಗೊತ್ತಿಲ್ಲದ ದಾರಿಯೇ ಎಂದು ಗುಂಪಿಗಿಂತ ಮುಂದೆ ಹಾರಿ, ಗುಂಪನ್ನೇ ಕಳೆದುಕೊಂಡಿದ್ದಳು.

“ಆ ಬೋಳುಬಂಡೆ ಕಾಣುತ್ತಲ್ಲ, ಅದನ್ನ ಎಡಕ್ಕೆ ಬಿಟ್ಟು ಹಾರು. ಸಂಜೆಯೊಳಗೆ ಸೇರ್ತೀಯ,” ಎಂದಳು ಅಜ್ಜಿ. “ಆದ್ರೆ ಮಗಳೇ, ನಮ್ಮಲ್ಲಿ ಒಂದು ಪದ್ಧತಿ ಇದೆ. ದಾರಿ ಕೇಳಿದೋರು ತಾವು ಬಂದ ದಾರಿಯ ಸುದ್ದಿ ಒಂದು ಹೇಳಿ ಹೋಗಬೇಕು. ನಿಜವಾದ ಸುದ್ದಿ.”

“ಹೇಳೋಣ ಬಿಡಜ್ಜಿ. ರೆಕ್ಕೆಯ ದಣಿವು ಸ್ವಲ್ಪ ಆರಲಿ,” ಎಂದು ಕಬ್ಬಕ್ಕಿ ಜಾರಿಕೊಂಡಳು. ಊರೂರು ತಿರುಗುವವರು ಒಂದೂರಿನ ಮಾತು ಇನ್ನೊಂದೂರಲ್ಲಿ ಆಡಿದರೆ ಎರಡೂರಲ್ಲೂ ಕಾಳು ಹುಟ್ಟುವುದಿಲ್ಲ. ಅದು ಅವಳು ತಿರುಗಿ ತಿರುಗಿ ಕಲಿತ ಬುದ್ಧಿ.

ಅಂದು ಅದೇ ಮರದ ಕೆಳಗೆ ಕಾಡಿನ ಸಭೆ. ಕಬ್ಬಕ್ಕಿ ಕೊಂಬೆಯ ಮೇಲೆ ಕೂತು ನೋಡುತ್ತಿದ್ದಳು. ಆ ವರ್ಷ ಬಿದಿರು ಹೂಬಿಟ್ಟಿತ್ತು. ಬಿದಿರಿಗೆ ಹೂ ಬರುವುದು ಒಬ್ಬರ ಬಾಳಿನಲ್ಲಿ ಒಂದೇ ಸಲ. ಹೂಬಿಟ್ಟ ಮೇಲೆ ಅದು ಒಣಗಿ ಸಾಯುತ್ತದೆ. ಪ್ರಾಣಿಗಳೆಲ್ಲ ಬಿದಿರಕ್ಕಿ ಆರಿಸಿ ತಂದು, ನೆಲದೊಳಗಿನ ಕಣಜವಾದ ಹಗೇವಿನಲ್ಲಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದ್ದರು. ಮುಂದಿನ ಬೇಸಿಗೆಗಳಿಗೆ ಅದೊಂದೇ ಗತಿ. ಇಷ್ಟು ಕಾಲ ಹಗೇವು ಕಾದ ಅಜ್ಜಿಯ ಕಣ್ಣು ಮಂಜಾಗಿತ್ತು. ಹೊಸ ಕಾವಲುಗಾರರೊಬ್ಬರನ್ನು ಆರಿಸಬೇಕಿತ್ತು.

ನಿಂತವರು ಇಬ್ಬರು. ಅಳಿಲು ಎದ್ದು, “ನಾನು ಅಜ್ಜಿ ಜೊತೆ ಮಣ್ಣು ಮೆತ್ತಿದ್ದೀನಿ, ಅಷ್ಟೇ,” ಎಂದು ಕೂತುಬಿಟ್ಟಳು. ಇನ್ನೊಬ್ಬ ಹೊಸದಾಗಿ ಬಂದ ಕರಿಮೋರೆಯ ಕೋತಿ, ಮುಸುವ.

“ಅಣ್ಣಂದಿರೇ, ಅಕ್ಕಂದಿರೇ! ಹೊಂಗೆಕಾಡಿನ ಹಗೇವು ಮೂರು ವರ್ಷ ನನ್ನ ಕೈಲಿತ್ತು. ಇವತ್ತು ಅಲ್ಲಿ ಹಸಿದೋರು ಅಂತ ಒಬ್ಬರಿಲ್ಲ!”

“ಇಂಥೋನು ಬೇಕು ನೋಡಿ!” ಎಂದು ಕಾಡುಹಂದಿ ಕುಣಿಯಿತು.

ಹೊಂಗೆಕಾಡು! ಕಬ್ಬಕ್ಕಿ ಮೊನ್ನೆ ತಾನೇ ಅಲ್ಲಿಳಿದು ಬಂದಿದ್ದಳು. ಅವಳ ಕೊಕ್ಕು ತೆರೆದದ್ದು ಮುಸುವನ ಕಣ್ಣಿಗೆ ಬಿತ್ತು. ಅವನು ಕೊಂಬೆ ಹಾರಿ ಬಂದು ಪಿಸುಗುಟ್ಟಿದ: “ತಂಗೀ, ನಾನು ಗೆದ್ರೆ ನೀನು ಈ ದಾರೀಲಿ ಬಂದಾಗಲೆಲ್ಲ ಹೊಟ್ಟೆ ತುಂಬಾ ಬಿದಿರಕ್ಕಿ.” ಕಬ್ಬಕ್ಕಿ ಕೊಕ್ಕು ಮುಚ್ಚಿದಳು.

ಅಜ್ಜಿ ನಿಧಾನವಾಗಿ ಎದ್ದಳು. “ಅನುಭವ ಇದೆ ಅಂದೆ, ಸಂತೋಷ ಕಣಪ್ಪ. ಕಾಳಿಗೆ ನುಸಿ ಬೀಳದ ಹಾಗೆ ಏನು ಮಾಡ್ತಿದ್ದೆ?”

“ನುಸೀನಾ? ನನ್ನ ಹೆಸರು ಕೇಳಿದ್ರೆ ಓಡಿಹೋಗ್ತಿತ್ತು!”

ಎಲ್ಲರೂ ಗೊಳ್ಳೆಂದರು.

“ಇರಬಹುದು. ಮೂರು ವರ್ಷದ ಕಾಳು ಯಾವುದಕ್ಕೆ ಖರ್ಚಾಯ್ತು?”

“ಎಲ್ಲಾ ನಮ್ಮೋರಿಗೋಸ್ಕರವೇ ಅಜ್ಜಿ.”

“ಯಾರಿಗೆ? ಎಷ್ಟು?”

“ಪಾಪ, ಅಜ್ಜಿಗೆ ವಯಸ್ಸಾಯ್ತು,” ಎಂದು ಮುಸುವ ಹಲ್ಲು ಕಿರಿದ. ಮತ್ತೆ ನಗು.

ಅಜ್ಜಿಯ ಒಂದು ಮುಳ್ಳೂ ನಿಗುರಲಿಲ್ಲ. ಕಬ್ಬಕ್ಕಿ ಬೆರಗಾದಳು. ಏಳು ಕಾಡಿನಲ್ಲಿ ಎಷ್ಟೋ ಸಭೆ ನೋಡಿದ್ದಳು. ಕೂಗಾಡಿದವರನ್ನು ಕಂಡಿದ್ದಳು, ಕೈಮುಗಿದವರನ್ನು ಕಂಡಿದ್ದಳು. ನಗುವವರ ನಡುವೆ ನಿಂತು, ಕೇಳಿದ್ದನ್ನೇ ಮತ್ತೆ ತಣ್ಣಗೆ ಕೇಳುವವಳನ್ನು ಕಂಡಿರಲಿಲ್ಲ.

“ಸರಿ, ಬಾಯಿಮಾತು ಯಾಕೆ?” ಎಂದಳು ಅಜ್ಜಿ. “ಚಪ್ಪಡಿ ಸರಿಸಿ. ಇಬ್ಬರೂ ಒಂದೊಂದು ಹಿಡಿ ಕಾಳು ತೆಗೆದು ತೋರಿಸಲಿ.”

ಕಾಡುಹಂದಿ ಚಪ್ಪಡಿ ನೂಕಿತು. ಅಳಿಲು ನಾಲ್ಕು ಮಾರು ಹಿಂದೆ ಸರಿದು ಕೂತಳು.

“ನೋಡಿ, ಹೆದರಿಬಿಟ್ಟಳು!” ಎಂದ ಮುಸುವ.

“ತಡಿಯಪ್ಪಾ!” ಎಂದು ಅಜ್ಜಿ ಕೂಗುವುದರೊಳಗೆ ಅವನು ಒಳಕ್ಕೆ ಹಾರಿಯಾಗಿತ್ತು.

“ಅಯ್ಯೋ, ಈಗ ತೆಗೆದ ಹಗೇವು!” ಅಳಿಲು ಚೀರಿದಳು. “ಅರ್ಧ ದಿನ ಗಾಳಿ ಆಡಬೇಕು. ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತೆ!”

ಒಳಗಿಂದ ಸದ್ದಿಲ್ಲ. ಪುಣ್ಯಕ್ಕೆ ಮುಸುವನ ಬಾಲ ಉದ್ದವಿತ್ತು, ತುದಿ ಹೊರಗೇ ಉಳಿದಿತ್ತು. ಕಾಡುಹಂದಿ ಅದನ್ನು ಕಚ್ಚಿ ಎಳೆದು ಹಾಕಿತು. ಮುಸುವ ಕಣ್ಣು ಬಿಟ್ಟ. ಬಿಟ್ಟ ಕೂಡಲೇ ಬಾಯಿಯನ್ನೂ ಬಿಟ್ಟ.

“ಮೂರು ದಿನದಿಂದ ಉಪವಾಸ... ನಿಮಗೋಸ್ಕರ... ತಲೆ ಸುತ್ತಿತು.”

“ಪಾಪ! ಒಂದು ತಪ್ಪು ಯಾರಿಗಿಲ್ಲ?” ಎಂದಿತು ಕಾಡುಹಂದಿ. “ಹೊಂಗೆಕಾಡನ್ನ ಉದ್ಧಾರ ಮಾಡಿದೋನಲ್ವಾ?” ಹಲವು ತಲೆಗಳು ಹೌದೆಂದು ಆಡಿದವು.

ಅಜ್ಜಿ ಯಾರ ಕಡೆಗೂ ನೋಡಲಿಲ್ಲ. ಇನ್ನು ಕೇಳಲು ಅವಳಲ್ಲಿ ಪ್ರಶ್ನೆ ಉಳಿದಿರಲಿಲ್ಲ. ಉತ್ತರ ಇದ್ದದ್ದು ಕಬ್ಬಕ್ಕಿಯ ಬಳಿ. ಹಾರಿಹೋಗಲು ದಾರಿ ಗೊತ್ತಿತ್ತು, ರೆಕ್ಕೆಯ ದಣಿವೂ ಆರಿತ್ತು. ಆದರೂ ಅವಳು ಕೆಳಗಿಳಿದು ಬಂದಳು.

“ಅಜ್ಜೀ, ನನ್ನ ಸುದ್ದಿ ಬಾಕಿ ಇದೆ. ಮೊನ್ನೆ ಹೊಂಗೆಕಾಡಲ್ಲಿ ಇಳಿದಿದ್ದೆ. ದಾರಿಯುದ್ದಕ್ಕೂ ಈ ಅಣ್ಣನಿಗೆ ಸ್ವಾಗತದ ಕಮಾನು, ಹನ್ನೊಂದು. ಕಟ್ಟಿದೋರಿಗೆ ಕೂಲಿ, ಹೊಗಳಿದೋರಿಗೆ ಊಟ, ಎಲ್ಲಾ ಹಗೇವಿನ ಕಾಳೇ. ಕಾಳು ತೆಗೆಯೋಕೆ ಹಗೇವಿಗೆ ಇಳೀತಿದ್ದೋರು ಇಲಿಗಳು. ಇವನು ಕಮಾನಿನ ಮೇಲೆ ಕೂತಿರ್ತಿದ್ದ. ಅಲ್ಲಿ ಉಳಿದಿರೋ ಒಂದೇ ಒಂದು ಮುದಿ ಇಲಿ ಹೇಳಿದ್ದು ಇದು. ಈಗ ಆ ಖಾಲಿ ಹಗೇವಲ್ಲಿ ನೀರು ನಿಂತು ಕಪ್ಪೆ ಕೂಗ್ತಿದೆ. ಹಸಿದೋರು ಇಲ್ಲ ಅಂದನಲ್ಲ, ಅದು ನಿಜ. ಹಸಿದೋರೆಲ್ಲ ಗುಳೆ ಹೋಗಿದ್ದಾರೆ.”

ಹೌದೆಂದು ಆಡಿದ್ದ ತಲೆಗಳೆಲ್ಲ ಮುಸುವನ ಕಡೆ ತಿರುಗಿದವು. ಮುಸುವ ನೋಯುವ ಬಾಲವನ್ನು ಕೈಲಿ ಹಿಡಿದುಕೊಂಡು, ಒಂದು ಮಾತೂ ಆಡದೆ ಕಾಡು ದಾಟಿದ. ಮಾತಿಲ್ಲದೆ ಅವನು ನಡೆದದ್ದು ಅದೇ ಮೊದಲು.

ಕಾವಲು ಅಳಿಲಿಗೆ ಬಂತು.

“ನಿನ್ನ ಬಾಕಿ ತೀರಿತು ಮಗಳೇ. ಬೋಳುಬಂಡೆ ಎಡಕ್ಕೆ, ಮರೀಬೇಡ,” ಎಂದಳು ಅಜ್ಜಿ.

ಕಬ್ಬಕ್ಕಿ ಹಸಿದ ಹೊಟ್ಟೆಯಲ್ಲೇ ಮೇಲೇರಿದಳು. ಹಗುರವಾಗಿ ಹಾರಿದಳು. ಒಮ್ಮೆ ಕೆಳಗೆ ನೋಡಿದಾಗ, ಅಳಿಲು ತೆರೆದ ಹಗೇವಿನ ಪಕ್ಕದಲ್ಲಿ ಇನ್ನೂ ಕೂತೇ ಇದ್ದಳು, ಗಾಳಿ ಆಡಲಿ ಎಂದು ಕಾಯುತ್ತ.

ನೀತಿ: ಕಣಜ ಕಾಯುತ್ತೇನೆ ಎಂದು ಬಂದವನನ್ನು, ಹಿಂದೆ ಕಾದ ಕಣಜ ಏನಾಯಿತೆಂದು ಕೇಳಬೇಕು, ಉತ್ತರ ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿರಬಾರದು.