ಯಾರನ್ನೂ ಕಾಯಿಸದ ಬಟನ್ನು

ಒಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬಟನ್ನು, ಓಲೆಕಾರ ಎಂಬ ಇಬ್ಬರಿದ್ದರು. ಬಟನ್ನು ಇದ್ದದ್ದು ಪರದೆಯ ಮೇಲೆ, ಎಲ್ಲರ ಕಣ್ಣೆದುರು. ಓಲೆಕಾರ ಪರದೆಯ ಹಿಂದೆ, ಯಾರ ಕಣ್ಣಿಗೂ ಬೀಳದೆ ಸಂದೇಶ ಹೊತ್ತು ಓಡುವವನು. ಯಾರಾದರೂ ಒತ್ತಿದರೆ ಸಾಕು, ಬಟನ್ನು ಕೆಲಸವನ್ನು ಓಲೆಕಾರನ ಕೈಗೆ ದಾಟಿಸಿ, ಆ ಗಳಿಗೆಯಲ್ಲೇ ಹಸಿರಾಗುತ್ತಿತ್ತು.

ಒಂದು ಮಧ್ಯಾಹ್ನ ಸಿಸ್ಟರ್ ಫಿಲೋಮಿನಾ ರಕ್ತದಾನಿಯೊಬ್ಬನನ್ನು ಕರೆಸಲು ಬಟನ್ನು ಒತ್ತಿದರು. ಹಸಿರು ಕಂಡು, ರೋಗಿಯ ಅಣ್ಣ ದುರ್ಗಪ್ಪನಿಗೆ, “ಹೇಳಿ ಕಳಿಸಿದ್ದೀವಪ್ಪ, ಇನ್ನೇನು ಬರ್ತಾರೆ,” ಎಂದರು. ದುರ್ಗಪ್ಪ ಬಾಗಿಲ ಬಳಿ ಕೂತ.

ಓಲೆಕಾರ ಓಡಿದ. ದಾನಿಯ ಫೋನ್ ನಂಬರಿನಲ್ಲಿ ಒಂದಂಕಿ ಕಡಿಮೆಯಿತ್ತು. ಮೂರು ಸಲ ಹೋದ, ಮೂರು ಸಲವೂ ಬರಿಗೈಲಿ ಬಂದ.

“ಬಟನ್ನಣ್ಣ, ಓಲೆ ಮುಟ್ಟಲಿಲ್ಲ. ದಯವಿಟ್ಟು ಕೆಂಪಾಗು, ಸಿಸ್ಟರಿಗೆ ತಿಳಿಯಲಿ.”

“ಕೊಟ್ಟ ಕೆಲಸದ ಕಡೆ ತಿರುಗಿ ನೋಡುವುದು ನಮ್ಮ ಪದ್ಧತಿಯಲ್ಲ. ಹಾಗೆ ನೋಡುತ್ತ ಕೂತರೆ ಜನ ಕಾಯಬೇಕಾಗುತ್ತದೆ. ಅಲ್ಲಿ ದಾಖಲೆ ಪುಸ್ತಕವಿದೆ, ಬರೆದಿಡು.”

“ಅದನ್ನು ಯಾರು ಓದುತ್ತಾರೆ?”

“ಅದು ನನಗೆ ಸಂಬಂಧಿಸಿದ್ದಲ್ಲ.”

ಓಲೆಕಾರ ಬರೆದಿಟ್ಟ. ನಾಲ್ಕು ಗಂಟೆಗೆ ಸಿಸ್ಟರ್ ಗಾಬರಿಯಿಂದ ಮತ್ತೆ ಒತ್ತಿದರು. ಬಟನ್ನು ಮತ್ತೆ ಹಸಿರಾಯಿತು, ಅವರಿಗೂ ಸಮಾಧಾನವಾಯಿತು. ಓಲೆಕಾರ ತಪ್ಪೆಂದು ತಿಳಿದೂ ಅದೇ ನಂಬರಿಗೆ ಇನ್ನೊಮ್ಮೆ ಓಡಿದ.

ಸಂಜೆಯ ಹೊತ್ತಿಗೆ ದುರ್ಗಪ್ಪನ ತಂಗಿಯ ಉಸಿರು ನಿಂತಿತು. ಸುದ್ದಿ ಹೇಳಲು ಸಿಸ್ಟರ್ ಬಂದಾಗ ದುರ್ಗಪ್ಪ ಇನ್ನೂ ಬಾಗಿಲನ್ನೇ ನೋಡುತ್ತಿದ್ದ.

ಪರದೆಯ ಹಿಂದೆ ಓಲೆಕಾರ ತಲೆ ತಗ್ಗಿಸಿ ನಿಂತಿದ್ದ.

“ನೋಡಿದೆಯಾ,” ಎಂದಿತು ಬಟನ್ನು, “ಇವತ್ತೂ ನಾನು ಯಾರನ್ನೂ ಕಾಯಿಸಲಿಲ್ಲ.”