ಲಕ್ಕಮ್ಮನಿಗೆ ತಲುಪದ ಅಪ್ಪಣೆ

ಹರಿಗೋಲದುರ್ಗದ ವೀರಮಲ್ಲನಾಯಕನಿಗೆ ಒಂದು ದಿನ ತನ್ನ ಆನೆಗಳ ಬಗ್ಗೆ ನಾಚಿಕೆಯಾಯಿತು. ಆನೆಗಳ ಬಗ್ಗೆ ಅಲ್ಲ, ಮಾವುತರು ಅವಕ್ಕೆ ಹೇಳುವ ಮಾತಿನ ಬಗ್ಗೆ. ನಿಲ್ಲಿಸಲು ‘ಧತ್’, ನಡೆಸಲು ‘ಮೈಲ್’. ಯಾವ ನಾಡಿನ ಮಾತೋ, ಯಾರಿಗೂ ತಿಳಿಯದು.

ಆಸ್ಥಾನ ಪಂಡಿತರಾದ ಅಪ್ರಮೇಯ ಶಾಸ್ತ್ರಿಗಳು ಇದಕ್ಕೇ ಕಾದಿದ್ದರು. “ಮಹಾಪ್ರಭು, ನಿಲ್ಲಲು ‘ತಿಷ್ಠ’, ನಡೆಯಲು ‘ಗಚ್ಛ’. ಶುದ್ಧವಾದ ಮಾತು. ನಮ್ಮ ಆನೆ ಹೋದಲ್ಲೆಲ್ಲ ಜನ ಕೈ ಮುಗಿಯಬೇಕು.”

ಕಾಡಿನಿಂದ ಹೊಸದಾಗಿ ತಂದ ಐದು ಮರಿಗಳಿಗೆ ಆ ಮಾತನ್ನೇ ಕಲಿಸಿದರು. ಮರಿಗಳು ಸಭೆಯ ಮುಂದೆ ಚೆನ್ನಾಗಿಯೇ ನಡೆದವು, ನಿಂತವು. ನಾಯಕ ಉಬ್ಬಿಹೋದ.

“ನಾಳೆಯಿಂದ ನನ್ನ ರಾಜ್ಯದಲ್ಲಿ ಹಳೆಯ ಆನೆಮಾತು ಕಿವಿಗೆ ಬೀಳಕೂಡದು. ಆಡಿದವನು ದುರ್ಗ ಬಿಡಬೇಕು” ಎಂದು ಡಂಗುರ ಹೊಡೆಸಿದ.

ಮೂರನೆಯ ದಿನವೇ ಒಬ್ಬ ಸಿಕ್ಕಿಬಿದ್ದ. ಮಾವುತ ಬೊಳ್ಳ. ಅವನ ಆನೆ ಲಕ್ಕಮ್ಮನಿಗೆ ಐವತ್ತೆಂಟು ವರ್ಷ. ಪೇಟೆಯಲ್ಲಿ ಕುಂಬಾರರ ಮುದುಕಿಯೊಬ್ಬಳು ಮಡಕೆ ಹರಡಿಕೊಂಡು ಕೂತಿದ್ದಳು, ಲಕ್ಕಮ್ಮ ಅವಳ ಮೇಲೇ ಹೆಜ್ಜೆ ಇಡುವುದರಲ್ಲಿದ್ದಳು. ಬೊಳ್ಳ ‘ಧತ್’ ಎಂದ. ಮುದುಕಿ ಉಳಿದಳು, ಬೊಳ್ಳ ಕೆಟ್ಟ.

ಅವನು ಆಸ್ಥಾನದ ಕೋನೇರಯ್ಯನ ಮನೆ ಬಾಗಿಲಿಗೆ ಬಂದು ಕೂತ. ಕೋನೇರಯ್ಯನೆಂದರೆ ನಾಯಕನನ್ನು ನಗಿಸಿಯೇ ದಾರಿಗೆ ತರುವ ಆಸಾಮಿ.

“ದುರ್ಗ ಬಿಡೋದು ದೊಡ್ಡದಲ್ಲ ಬುದ್ಧೀ. ಮೂವತ್ತು ವರ್ಷದಿಂದ ಅವಳು ನನ್ನ ಕೈಯಿಂದಲೇ ತಿಂದವಳು. ಬೇರೆಯೋರು ಕೊಟ್ಟರೆ ಮೂಸಿಯೂ ನೋಡಕಿಲ್ಲ. ಉಪವಾಸ ಸಾಯ್ತಾಳೆ.”

ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಕೋನೇರಯ್ಯನಿಗೂ ಸಂಕಟವಾಯಿತು.

“ಬೆಳಗ್ಗೆ ಅವಳಿಗೆ ಸ್ನಾನ ಎಷ್ಟು ಹೊತ್ತಿಗೋ?”

“ಬಿಸಿಲು ಕೋಟೆ ಬಾಗಿಲಿಗೆ ಬಂದಾಗ, ದೊಡ್ಡ ಕೆರೇಲಿ. ಒಂದು ದಿನ ತಪ್ಪಿಸಿದವಳಲ್ಲ.”

“ಸರಿ. ನಾಳೆ ಏನೇ ಆದರೂ ನೀನು ತುಟಿ ಬಿಚ್ಚಬೇಡ. ಅದೊಂದೇ ನಿನ್ನ ಕೆಲಸ.”

ಮರುದಿನ ಕೋನೇರಯ್ಯ ನಾಯಕನ ಮುಂದೆ ಕೈ ಕಟ್ಟಿ ನಿಂತ. “ಪ್ರಭು, ಬೊಳ್ಳನಿಗೆ ಶಿಕ್ಷೆ ಆಗಲೇಬೇಕು. ಆದರೆ ಅವನಿಲ್ಲದೆ ಲಕ್ಕಮ್ಮ ನಡೆಯಲ್ಲ ಅಂತ ಜನ ಆಡಿಕೊಳ್ತಾರೆ. ತಾವೇ ಒಮ್ಮೆ ಅಂಬಾರಿ ಏರಿ. ಪಕ್ಕದಲ್ಲಿ ಶಾಸ್ತ್ರಿಗಳು ಕೂತು ಹೊಸ ಮಾತು ಹೇಳಲಿ. ಬೊಳ್ಳ ಬಾಯಿ ಮುಚ್ಚಿಕೊಂಡು ಜೊತೆಗೆ ನಡೆಯಲಿ, ಸಾಕು.”

ನಾಯಕ ಒಪ್ಪಿದ. ಬಿಸಿಲು ಕೋಟೆ ಬಾಗಿಲಿಗೆ ಬರುವ ಹೊತ್ತಿಗೆ ಇಬ್ಬರೂ ಅಂಬಾರಿಯಲ್ಲಿದ್ದರು.

“ಗಚ್ಛ” ಎಂದರು ಶಾಸ್ತ್ರಿಗಳು.

ಲಕ್ಕಮ್ಮ ಹೊರಟಳು. ಶಾಸ್ತ್ರಿಗಳ ಮುಖ ಊರಗಲವಾಯಿತು. ಅದು ಅವಳ ಸ್ನಾನದ ಹೊತ್ತೆಂದು ಅವರಿಗೇನು ಗೊತ್ತು?

ಪೇಟೆ ದಾಟಿತು, ಕೆರೆಯ ಏರಿ ಬಂತು. “ತಿಷ್ಠ” ಎಂದರು. ಲಕ್ಕಮ್ಮ ಏರಿಯಿಂದ ಕೆರೆಗೆ ಇಳಿದಳು. “ತಿಷ್ಠ, ತಿಷ್ಠ.” ನೀರು ಅವಳ ಮೊಣಕಾಲಿಗೆ ಬಂತು. ಶಾಸ್ತ್ರಿಗಳು ಇನ್ನಷ್ಟು ಸ್ಪಷ್ಟವಾಗಿ ಉಚ್ಚರಿಸಿದರು. ನೀರು ಹೊಟ್ಟೆಗೆ ಬಂತು. ಅವಳು ಸೊಂಡಿಲು ತುಂಬಿ ಬೆನ್ನ ಮೇಲೆ ಒಮ್ಮೆ ಎರಚಿಕೊಂಡಳು, ಬೆನ್ನ ಮೇಲಿದ್ದವರಿಗೂ ಪಾಲು ಸಿಕ್ಕಿತು.

“ಬೊಳ್ಳ, ಏನಾದರೂ ಹೇಳೋ” ಎಂದು ನಾಯಕ ಕೂಗಿದ.

ಎದೆಯುದ್ದ ನೀರಲ್ಲಿ ನಿಂತ ಬೊಳ್ಳ ತುಟಿಯ ಮೇಲೆ ಬೆರಳಿಟ್ಟುಕೊಂಡ.

“ತಮ್ಮ ಅಪ್ಪಣೆ ಮೀರೋ ಆಳಲ್ಲ ಪ್ರಭು ಅವನು” ಎಂದ ಕೋನೇರಯ್ಯ ದಡದಿಂದ.

ಲಕ್ಕಮ್ಮ ಮಲಗಿ ಹೊರಳಲು ಮುಂಗಾಲು ಮಡಚತೊಡಗಿದಳು. ನಾಯಕನೂ ಚಿಕ್ಕಂದಿನಿಂದ ಆನೆ ಏರಿದವನೇ. ಬಾಯಿಂದ ತಾನಾಗಿ ಹೊರಬಿತ್ತು: “ಧತ್!”

ಲಕ್ಕಮ್ಮ ಕಂಬದಂತೆ ನಿಂತಳು.

ನಾಯಕ ದಡದತ್ತ ತಿರುಗಿ ಕೇಳಿದ: “ಏನಯ್ಯ ಕೋನೇರಯ್ಯ, ಈಗ ನಾನೂ ದುರ್ಗ ಬಿಡಬೇಕೋ?”

“ಬಿಡಬೇಕು ಪ್ರಭು. ಆದರೆ ಬಿಡೋದಾದರೂ ಹೇಗೆ? ಲಕ್ಕಮ್ಮ ಹೊರಡಬೇಕಲ್ಲ. ಅದಕ್ಕೂ ಹಳೆಯ ಮಾತೇ ಬೇಕು.”

ನಾಯಕ ಅಂಬಾರಿ ಅಲುಗುವಷ್ಟು ನಕ್ಕ. “ಬೊಳ್ಳ, ನಿನಗೆ ತಿಳಿದ ಮಾತಲ್ಲೇ ಹೇಳಪ್ಪ, ನಮ್ಮನ್ನು ದಡ ಸೇರಿಸು” ಎಂದ. ಬೊಳ್ಳ ‘ಮೈಲ್’ ಎಂದದ್ದೇ ತಡ, ಅವಳು ತಿರುಗಿ ನಡೆದಳು.

ದಡದಲ್ಲಿ ನಾಯಕ ತನ್ನ ಶಾಲನ್ನು ಬೊಳ್ಳನಿಗೆ ಹೊದಿಸಿದ. ಶಾಲು ಒದ್ದೆಯಾಗಿತ್ತು, ಬೊಳ್ಳನೂ ಒದ್ದೆಯಾಗಿದ್ದ, ಯಾರಿಗೂ ಬೇಸರವಾಗಲಿಲ್ಲ.

“ಈಗ ಏನು ಮಾಡೋಣ ಹೇಳು ಕೋನೇರಯ್ಯ. ಎರಡು ಬಗೆಯ ಆನೆ, ಎರಡು ಬಗೆಯ ಮಾತು.”

“ಹೊಸ ಮಾತು ಕಲಿತವಕ್ಕೆ ತಾಮ್ರದ ಗಂಟೆ ಕಟ್ಟಿಸಿ ಪ್ರಭು, ಹಳಬರಿಗೆ ಕಂಚಿನದು ಇರಲಿ. ಮಾವುತ ಮೊದಲು ಗಂಟೆ ನೋಡಲಿ, ಆಮೇಲೆ ಬಾಯಿ ಬಿಡಲಿ. ಇನ್ನು ಬರೋ ಮರಿಗಳಿಗೆ ಹಳೆಯ ಮಾತು ಕಲಿಸೋದು ಬೇಡ.”

ಶಾಸ್ತ್ರಿಗಳು ಧೋತ್ರ ಹಿಂಡುತ್ತ ಗೊಣಗಿದರು: “ಹಾಗಾದರೆ ಆ ಹಳೆಯ ಮಾತು ತೊಲಗುವುದು ಯಾವಾಗ?”

“ಲಕ್ಕಮ್ಮ ಕಣ್ಣು ಮುಚ್ಚಿದ ಮೇಲೆ. ಅವಸರವಿದ್ದರೆ ಬೇಗ ಹೊರಡು ಅಂತ ನೀವೇ ಅವಳಿಗೆ ಒಂದು ಮಾತು ಹೇಳಿ ನೋಡಿ ಶಾಸ್ತ್ರಿಗಳೇ” ಎಂದ ಕೋನೇರಯ್ಯ. “ಹೊಸ ಮಾತಲ್ಲೇ ಹೇಳಿ.”