ಕಾವಲುಗಾರನಿಗೊಂದು ಕೂ

"ಗುರುಗಳೇ, ನಾನು ಮನೆಗೆ ಹೋಗಿಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ. ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು. ಮಾರನೆಯ ದಿನ ಅವನು ಸಭೆಯ ಮುಂದೆ ಪಾಠ ಒಪ್ಪಿಸಬೇಕಿತ್ತು.

"ಯಾಕೆ?"

"ಇದ್ದಕ್ಕಿದ್ದಂತೆ ಎದೆ ಡವಡವ ಎನ್ನುತ್ತದೆ. ಉಸಿರು ಸಾಲುವುದಿಲ್ಲ. ಅಂಗೈ ಬೆವರುತ್ತದೆ, ಬೆರಳು ಜುಮುಗುಟ್ಟುತ್ತವೆ. ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ವೈದ್ಯರು ಪರೀಕ್ಷಿಸಿ, ಹೃದಯದಲ್ಲಿ ದೋಷವಿಲ್ಲ ಅಂದರು. ದೋಷವಿಲ್ಲದಿದ್ದರೆ ಇದೇಕೆ ಬರುತ್ತದೆ? ಇದನ್ನು ಹೇಗೆ ಅಡಗಿಸಲಿ?"

ಗುರು ಹೇಳಿದರು:

ಒಬ್ಬ ರೈತ ಜೋಳದ ಹೊಲಕ್ಕೆ ಕಾವಲುಗಾರನನ್ನು ಇಟ್ಟಿದ್ದ. ಅಟ್ಟಣೆಯ ಮೇಲೆ ಕೂತು, ಕಾಡುಹಂದಿ ಕಂಡರೆ ತಮಟೆ ಬಡಿಯುವುದು ಅವನ ಕೆಲಸ. ತಮಟೆ ಕೇಳಿದ ಮನೆಯವರು ಅಂಗಳದಿಂದ 'ಕೂ' ಎಂದು ಉದ್ದಕ್ಕೆ ಕೂಗಬೇಕು. ಕೇಳಿಸಿತು, ನಾವು ಎಚ್ಚರವಾಗಿದ್ದೇವೆ ಎಂದು ಅದರ ಅರ್ಥ. ಕೂ ಕೇಳುವವರೆಗೆ ಅವನು ತಮಟೆ ನಿಲ್ಲಿಸಬಾರದು. ಅದು ಆ ಸೀಮೆಯ ಪದ್ಧತಿ.

ಒಂದು ಸಲ ಹಂದಿ ನಿಜವಾಗಿಯೂ ನುಗ್ಗಿ ಅಟ್ಟಣೆಯನ್ನೇ ಕೆಡವಿತು. ಕಾವಲುಗಾರ ಹೇಗೋ ಉಳಿದ. ಅಲ್ಲಿಂದ ಮುಂದೆ ಗಾಳಿಗೆ ದಂಟು ಅಲುಗಿದರೂ ಅವನು ತಮಟೆ ಬಡಿಯತೊಡಗಿದ. ಅವನು ಸುಳ್ಳುಗಾರನಲ್ಲ. ಹೆದರಿದ್ದ, ಅಷ್ಟೇ.

ರೈತನಿಗೆ ಅದು ತಿಳಿಯಲಿಲ್ಲ. ತಮಟೆ ಕೇಳಿದಾಗಲೆಲ್ಲ ದೊಣ್ಣೆ ಹಿಡಿದು, "ನಿಲ್ಲಿಸೋ!" ಎಂದು ಅರಚುತ್ತ ಓಡಿಬರುತ್ತಿದ್ದ. ಯಜಮಾನನೇ ಹೀಗೆ ಓಡಿಬರುತ್ತಿದ್ದಾನೆ ಎಂದರೆ ಹಂದಿ ಬಂದಿರಲೇಬೇಕು ಎಂದುಕೊಂಡು ಕಾವಲುಗಾರ ಇನ್ನೂ ಜೋರಾಗಿ ಬಡಿಯುತ್ತಿದ್ದ. ಕೊನೆಗೆ ರೈತ ಅವನನ್ನು ಕೆಲಸದಿಂದ ಬಿಡಿಸಲು ಹೊರಟ.

ಹೆಂಡತಿ ತಡೆದಳು. "ಅವನನ್ನು ಓಡಿಸಿದರೆ, ಹಂದಿ ಬಂದ ದಿನ ಹೇಳುವವರು ಯಾರು? ಒಂದು ಸಲ ಕೂ ಅನ್ನಿ, ನೋಡೋಣ."

"ಇಲ್ಲದ ಹಂದಿಗೆ ಎಂಥ ಕೂ ಕಣೇ?"

"ಹಂದಿಗಲ್ಲ ರೀ, ಅವನಿಗೆ."

ಸಂಜೆ ತಮಟೆ ಕೇಳಿತು. ರೈತ ಅಭ್ಯಾಸಬಲದಿಂದ ಓಡಿಯೇ ಬಂದು, ಅಟ್ಟಣೆಯ ಕೆಳಗೆ ನಿಂತು 'ಕೂ' ಎಂದ. ಏದುಸಿರಿಗೆ ದನಿ ತುಂಡಾಯಿತು.

ಕಾವಲುಗಾರ ತಮಟೆ ಬಡಿಯುತ್ತಲೇ, "ಯಜಮಾನ್ರೇ, ಅದು ಕೂ ಅಲ್ಲ, ಕೆಮ್ಮು!" ಎಂದ.

ರೈತ ದೊಣ್ಣೆ ಕೆಳಗಿಟ್ಟ. ಪಾದಗಳನ್ನು ನೆಲಕ್ಕೆ ಊರಿ ಕಲ್ಲಿನ ಮೇಲೆ ಕುಳಿತ. ಮೆಲ್ಲಗೆ ಉಸಿರೆಳೆದುಕೊಂಡು, ಅದು ಮುಗಿಯುವವರೆಗೆ ಉದ್ದಕ್ಕೆ ಕೂ ಅಂದ. ಮತ್ತೆ ಅಂದ. ಕೂ ಉದ್ದವಾಗಬೇಕಾದರೆ ಉಸಿರು ನಿಧಾನವಾಗಿ ಹೊರಹೋಗಲೇಬೇಕು, ಬೇರೆ ದಾರಿಯಿಲ್ಲ. ತಮಟೆ ತಕ್ಷಣ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಡಿದು, ಸಡಿಲವಾಗಿ, ಆಮೇಲೆ ನಿಂತಿತು. ಅಷ್ಟರಲ್ಲಿ ರೈತನ ಏದುಸಿರೂ ಇಳಿದಿತ್ತು.

ಮಾರನೆಯ ಸಂಜೆ ತಮಟೆ ಮತ್ತೆ ಕೇಳಿತು. ರೈತ ಮತ್ತೆ ಕೂ ಅಂದ. ತೆನೆ ಬಲಿಯುವ ಹೊತ್ತಿಗೆ ಕಾವಲುಗಾರ ಒಂದೆರಡು ಪೆಟ್ಟು ಹಾಕಿ, ಕೂ ಕೇಳಿದೊಡನೆ ಕೋಲು ಕೆಳಗಿಡುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಹಾಗಾದರೆ ನಾಳೆ ಸಭೆಯಲ್ಲಿ ಈ ತಮಟೆ ಬಡಿಯುವುದಿಲ್ಲವೇ?"

"ಬಡಿದೀತು ಮಗು. ಇಷ್ಟು ದಿನ ನೀನು ಅದಕ್ಕೆ ಕೂ ಅಂದಿದ್ದೆಯೋ, ದೊಣ್ಣೆ ಹಿಡಿದು ಓಡಿದ್ದೆಯೋ?"

ಶಿಷ್ಯ ಕಂಕುಳಲ್ಲಿದ್ದ ಗಂಟನ್ನು ಕೆಳಗಿಟ್ಟ.